ಕಣ್ಣಿಗೊತ್ತಿಕೊಂಡದ್ದು

"ಇದು ಎಲ್ಲಿ ಸಿಕ್ತು ಅಂದ್ರಿ?"

ದನದ ಡಾಕ್ಟರು ನಾಗವೇಣಿ ಪುಟ್ಟ ಗಾಜಿನ ಸೀಸೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಸೀಸೆಯೊಳಗೆ ತೊಗರಿಕಾಳಿನಷ್ಟು ದಪ್ಪಗಿನ, ಬೂದಿಬಣ್ಣದ ಉಣ್ಣಿಯೊಂದು ಕಾಲಾಡಿಸುತ್ತಿತ್ತು. ದನದ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಅದೇ ದರಿದ್ರ ಹುಳ.

"ದೇಜಣ್ಣನ ಬೈರಾಸಿನ ಮಡಿಕೆಯಲ್ಲಿ," ಎಂದಳು ಪ್ರಫುಲ್ಲಾ. "ಬೆಳಿಗ್ಗೆ ಆಸ್ಪತ್ರೆಯಲ್ಲಿ ಸಿಸ್ಟರ್ ನಿಶ್ಮಿತಾ ಅವರ ಹೆಗಲ ಮೇಲಿನ ಬೈರಾಸು ತೆಗೆದು ಕೊಡವಿದಳಂತೆ. ಟಪ್ ಅಂತ ಬಿತ್ತಂತೆ. ಹುಡುಗಿ ಹೆದರಿ ಕಿರುಚಿದ್ದಾಳೆ."

"ಕಣ್ಣಾಸ್ಪತ್ರಿಯೊಳಗ ಉಣ್ಣಿ! ಭಾರೀ ಆತಲ್ರಿ ಇದು."

ಭಾರಿಯೇ ಆಗಿತ್ತು. ಆಪರೇಷನ್ ಆದ ಮೇಲೆ ದೇಜಪ್ಪ ಪೂಜಾರಿಯವರು ಆಸ್ಪತ್ರೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಆಸ್ಪತ್ರೆ, ದನದ ಮುಖವನ್ನೇ ನೋಡಿಲ್ಲ ಎಂದು ಅವರ ಹೆಂಡತಿ ಉಮಾವತಿ ಪ್ರಫುಲ್ಲಾಳ ಮುಂದೆ ಪ್ರಮಾಣ ಮಾಡಿ ಹೇಳಿದ್ದರು. ದೇಜಪ್ಪನವರ ತಂಗಿಯ ಮಗ ವಿಕಾಸ್ ಪಕ್ಕದಲ್ಲೇ ನಿಂತು ಹೌದು ಹೌದೆಂದು ತಲೆಯಾಡಿಸಿದ್ದ. ಹಾಗಾದರೆ ಈ ಉಣ್ಣಿ ಮಹಾಶಯ ಯಾವ ಲೋಕಲ್ ಟ್ರೈನ್ ಹಿಡಿದು ಬೈರಾಸಿನೊಳಗೆ ಬಂದು ಕೂತ?

ಪ್ರಫುಲ್ಲಾ ಕೋಟ್ಯಾನ್ ಮುಂಬೈ ಪಕ್ಕದ ಠಾಣೆ ಶಹರದ ಪೊಲೀಸಿನಲ್ಲಿ ಅರ್ಧ ಆಯುಸ್ಸು ಸವೆಸಿದವಳು. ಸಾಹೇಬರೊಬ್ಬರ ಮುಖಕ್ಕೇ ಸತ್ಯ ಹೇಳಿ, ಅದರ ಫಲವಾಗಿ ಮನೆಗೆ ಬಂದು ಕೂತು, ಈಗ ಡೊಂಬಿವಲಿಯಲ್ಲಿ ತಮ್ಮನ ಹೋಟೆಲಿನ ಮಾಳಿಗೆಯ ಮೇಲೆ ಪತ್ತೇದಾರಿಕೆಯ ಬೋರ್ಡು ಹಾಕಿದ್ದಳು. ಊರಿನವರ ಕೇಸು ಎಂದರೆ ಅವಳಿಗೆ ಹಟ ಎರಡು ಪಟ್ಟು. ದೇಜಣ್ಣನ ಕೇಸಿನಲ್ಲಂತೂ ಸಂಕಟವೂ ಸೇರಿಕೊಂಡಿತ್ತು.

ದೇಜಣ್ಣನಿಗೆ ಇದ್ದದ್ದೇ ಒಂದು ಕಣ್ಣು. ಎಡಗಣ್ಣು ಪ್ರಾಯದಲ್ಲೇ, ಬೋಂಡದ ಬಾಣಲೆಯ ಎಣ್ಣೆ ಸಿಡಿದು ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬಂತು. ಠಾಣೆ ಶಹರದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಕೀರ್ತನ್ ಅದನ್ನು ತೆಗೆದರು. ಮರುದಿನ ಪಟ್ಟಿ ಬಿಚ್ಚಿದಾಗ ಎಲ್ಲ ಸರಿಯಿತ್ತು. ಆಮೇಲೆ ಕಣ್ಣು ಕೆಂಡವಾಯಿತು, ಕೀವು ಕಟ್ಟಿತು. ಕಣ್ಣಿನೊಳಕ್ಕೇ ಆಂಟಿಬಯಾಟಿಕ್ ಸೂಜಿ ಚುಚ್ಚಿ ಮನೆಗೆ ಕಳಿಸಿದರು. ಜಗ್ಗಲಿಲ್ಲ. ಈಗ ಮತ್ತೆ ಅಡ್ಮಿಟ್ ಮಾಡಿಕೊಂಡಿದ್ದರು.

"ಲ್ಯಾಬಿಗೆ ಕಳಿಸಿದ ಕೀವಿನಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ ಅಕ್ಕಾ," ಎಂದು ಡಾಕ್ಟರ್ ಕೀರ್ತನ್ ಇವತ್ತು ಬೆಳಿಗ್ಗೆಯಷ್ಟೇ ಹೇಳಿದ್ದರು. ಅವಳನ್ನು ಈ ಕೇಸಿಗೆ ಕರೆಸಿದವರೂ ಅವರೇ. "ಒಳಗಿರುವುದು ಬ್ಯಾಕ್ಟೀರಿಯಾವಾ, ಫಂಗಸ್ಸಾ, ಗೊತ್ತಾಗುವುದಿಲ್ಲ. ಫಂಗಸ್ ಆದರೆ ಅದಕ್ಕೆ ಬೇರೆ ಮದ್ದು. ಆದರೆ ಆ ಮದ್ದು ಬಹಳ ಖಾರ. ಕಣ್ಣಿನ ಒಳಪರದೆಯನ್ನೇ ಸುಟ್ಟೀತು. ಒಂಟಿ ಕಣ್ಣಿಗೆ ಊಹೆಯ ಮೇಲೆ ಹಾಕಲಿಕ್ಕೆ ನನಗೆ ಧೈರ್ಯ ಇಲ್ಲ. ಹೊರಗಿನಿಂದ ಕಣ್ಣಿಗೆ ಏನು ಹೋಯಿತು, ಅಷ್ಟು ಪತ್ತೆ ಮಾಡಿಕೊಡಿ. ಇವತ್ತು ಸಂಜೆಯೊಳಗೆ. ನಾಳೆಗೆ ಕಣ್ಣು ಇರುವುದಿಲ್ಲ."

ಅದಕ್ಕೇ ಅವಳು ಉಣ್ಣಿಯನ್ನು ಸೀಸೆಗೆ ತುಂಬಿಸಿಕೊಂಡು ಕಲ್ಯಾಣ್‌ಗೆ ಓಡಿ ಬಂದದ್ದು. ಮಲಂಗ್ ರೋಡಿನ ಬದಿಯಲ್ಲಿ ದೇಜಣ್ಣನ ದನದ ಕೊಟ್ಟಿಗೆ, ಅಲ್ಲಿಯವರ ಬಾಯಲ್ಲಿ ತಬೇಲಾ, ಇತ್ತು. ತಮ್ಮ ಹೋಟೆಲಿಗೆ ಹಾಲು ಹೊರಗಿನದ್ದು ಬೇಡ ಎಂದು ಅವರೇ ದನ ಸಾಕಿದ್ದರು.

"ಉಣ್ಣಿ ಇಲ್ಲಿಂದಲೇ ಬಂದಿರಬೇಕು ಅಲ್ವಾ ಡಾಕ್ಟ್ರೇ?"

"ತಡೀರಿ. ನೋಡದ ಹ್ಯಾಂಗ ಹೇಳಾಕ ಬರತೈತಿ?"

ನಾಗವೇಣಿ ಧಾರವಾಡದ ಕಡೆಯವರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಾಗಿ ಕಟ್ಟಿದ್ದ ದನಗಳ ನಡುವೆ ನುಗ್ಗಿದರು. ಕಿವಿ ಮಡಚಿ ನೋಡಿದರು, ಬಾಲ ಎತ್ತಿ ನೋಡಿದರು, ಕೆಚ್ಚಲಿನ ಹಿಂದೆ ಕೈಯಾಡಿಸಿದರು. ಒಂದು ದನ ಒದೆಯಲು ಬಂತು. ಅದನ್ನು ಅವರು ಅತ್ತೆ ಸೊಸೆಯನ್ನು ಬೈಯುವ ಹಾಗೆ ಬೈದರು.

"ಬರ್ರಿ ಇಲ್ಲಿ, ಕಣ್ಣಿಂದ ನೋಡ್ರಿ. ಉಣ್ಣಿ ಹತ್ಯಾವು. ಆದ್ರ ಹ್ಯಾಂಗದಾವು?"

ಪ್ರಫುಲ್ಲಾ ಮೂಗು ಮುಚ್ಚಿಕೊಂಡು ಬಗ್ಗಿದಳು. ದನದ ಕಿವಿಯೊಳಗೆ ಎಳ್ಳಿನಷ್ಟು ಸಣ್ಣ ಸಣ್ಣ ಹುಳಗಳು. ಅರ್ಧಕ್ಕರ್ಧ ಒಣಗಿ ಸತ್ತಿದ್ದವು. ನಾಗವೇಣಿ ಉಗುರಿನಿಂದ ಮುಟ್ಟಿದ್ದೇ ಉದುರಿ ಬಿದ್ದವು.

"ಇವು ಹಳೇ ದನ. ವರ್ಷಗಟ್ಟಲೆ ಉಣ್ಣಿ ಕಡಿಸಿಕೊಂಡಾವು," ಎಂದರು ನಾಗವೇಣಿ. "ಮೊದಲ ಸಲ ಕಚ್ಚಿದಾಗ ದನಕ್ಕ ಗೊತ್ತಾಗಂಗಿಲ್ರಿ. ಉಣ್ಣಿ ಜೊಲ್ಲಿನಾಗ ಆ ಕಳ್ಳತನ ಇರತೈತಿ. ಮತ್ತ ಮತ್ತ ಕಚ್ಚಿದಂಗ ಮೈ ಆ ಜೊಲ್ಲಿನ ಗುರ್ತು ಹಿಡೀತೈತಿ. ಕಚ್ಚಿದ ಜಾಗ ಬಾತುಕೊಂಡು, ತುರಿಕಿ ಎದ್ದು, ಉಣ್ಣಿಗೆ ರಕ್ತಾನ ಸಿಗಂಗಿಲ್ಲ. ಉಪವಾಸ ಬಿದ್ದು ಸಾಯತೈತಿ."

ಪ್ರಫುಲ್ಲಾಳಿಗೆ ಥಟ್ಟನೆ ಅರ್ಥವಾಯಿತು. ಇಲಾಖೆಯಲ್ಲೂ ಹೀಗೇ ಇತ್ತು. ಹೊಸದಾಗಿ ಸೇರಿದವರ ರಕ್ತ ಹೀರುವ ಸಾಹೇಬರು ಹಳಬರ ಹತ್ತಿರ ಸುಳಿಯುತ್ತಿರಲಿಲ್ಲ.

"ಹಾಗಾದರೆ ನನ್ನ ಸೀಸೆಯಲ್ಲಿರುವ ಈ ದಪ್ಪದ್ದು?"

"ಇವುಗಳ ಮೈಮ್ಯಾಲೆ ಇಷ್ಟು ದಪ್ಪ ಆಗಾಕ ಸಾಧ್ಯನ ಇಲ್ಲ. ಉಣ್ಣಿ ಅಂದ್ರ ಏನಂತ ಗೊತ್ತಿಲ್ಲದ ಹೊಸಾ ದನದ ರಕ್ತ ಕುಡಿದೈತಿ ಇದು. ಹೊಟ್ಟಿ ತುಂಬಿದ ಮ್ಯಾಲೆ ತಾನಾಗೇ ಕಳಚಿ ಬಿದ್ದೈತಿ. ಆ ಹೊಸಾ ದನದ ಮೈಗೆ ನಿಮ್ಮ ದೇಜಪ್ಪನೋರ ಟವೆಲ್ಲು ತಾಗೇದ. ಅಷ್ಟ ನಾ ಹೇಳಾಕಿ."

"ರೇವಣಸಿದ್ದಾ!" ಎಂದು ಪ್ರಫುಲ್ಲಾ ಕೂಗಿದಳು.

ತಬೇಲಾ ನೋಡಿಕೊಳ್ಳುವ ರೇವಣಸಿದ್ದ ಬಾಗಿಲಲ್ಲೇ ನಿಂತಿದ್ದ. ಇಂಡಿ ಕಡೆಯ ಆಳು, ಗಟ್ಟಿಮುಟ್ಟಾದ ಮೈ. ಆದರೆ ಇವಳು ಬಂದಾಗಿನಿಂದ ಮುಖ ನೋಡದೆ ನೆಲವನ್ನೇ ನೋಡಿ ಮಾತಾಡುತ್ತಿದ್ದ.

"ಇಲ್ಲಿಗೆ ಹೊಸ ದನ ಬಂದಿದೆಯಾ?"

"ಇಲ್ರೀ ಅಕ್ಕಾರ. ಎಲ್ಲಾ ಹಳೇವ ಅದಾವ್ರಿ."

"ಸರಿಯಾಗಿ ನೆನಪು ಮಾಡಿ ಹೇಳು."

"ದೇವರಾಣಿ ಇಲ್ರಿ."

ದೇವರನ್ನು ಇಷ್ಟು ಬೇಗ ಸಾಕ್ಷಿಗೆ ಎಳೆಯುವವರನ್ನು ಪ್ರಫುಲ್ಲಾ ಬೇಕಾದಷ್ಟು ಕಂಡಿದ್ದಳು. ಅವಳು ಸುಮ್ಮನೆ ಸುತ್ತ ನೋಡಿದಳು. ತಬೇಲಾದ ಹಿಂದೆ ಮೇವಿನ ಕೋಣೆ, ಅದಕ್ಕೆ ಬೀಗ. ಬಾಗಿಲಿನ ಅಡಿಯಿಂದ ಗಂಜಲ ಹರಿದು ಬಂದು ಅಂಗಳದಲ್ಲಿ ನಿಂತಿತ್ತು.

"ಏನಪ್ಪಾ, ನಿಮ್ಮಲ್ಲಿ ಒಣಹುಲ್ಲೂ ಗಂಜಲ ಹೊಯ್ಯುತ್ತದಾ?"

ರೇವಣಸಿದ್ದನ ಮುಖ ಕಪ್ಪಿಟ್ಟಿತು. ಸೊಂಟದಿಂದ ಕೀಲಿ ತೆಗೆದ.

ಒಳಗೆ ಕತ್ತಲೆ, ಸೆಕೆ, ಬೂಷ್ಟು ಹಿಡಿದ ಹುಲ್ಲಿನ ಘಾಟು. ಹುಲ್ಲಿನ ರಾಶಿಯ ನಡುವೆ ಕಪ್ಪು ಬಿಳುಪು ಮೈಯ ಎತ್ತರದ ಹಸುವೊಂದು ನಿಂತಿತ್ತು. ನಾಗವೇಣಿ ಮೊಬೈಲಿನ ಬೆಳಕು ಬಿಟ್ಟದ್ದೇ "ಅಯ್ಯ ಶಿವನ" ಎಂದರು. ಎರಡೂ ಕಿವಿಗಳ ತುಂಬ ದಪ್ಪ ದಪ್ಪ ಉಣ್ಣಿಗಳು ಜೋತು ಬಿದ್ದಿದ್ದವು. ಪಾಪದ ಜೀವ ತಲೆ ಕೊಡವಲೂ ತ್ರಾಣವಿಲ್ಲದೆ ನಿಂತಿತ್ತು.

ಪ್ರಫುಲ್ಲಾ ನೋಡಿದ್ದು ಉಣ್ಣಿಯನ್ನಲ್ಲ. ಹಸುವಿನ ಹಣೆಗೆ ಇನ್ನೂ ಮಾಸದ ಅಂಗೈಯಗಲ ಕುಂಕುಮವಿತ್ತು. ಕೊಂಬಿಗೆ ಅರಸಿನ. ಕೊರಳಲ್ಲಿ ಬಾಡಿದ ಸೇವಂತಿಗೆಯ ಮಾಲೆ. ಬಾಲದ ತುದಿಯ ಕೂದಲಿಗೂ ಯಾರೋ ಅರಸಿನ ನೀರು ಸವರಿದ್ದರು.

"ವಿಕಾಸಣ್ಣ ತಂದಾರ್ರಿ," ರೇವಣಸಿದ್ದ ಈಗ ತಾನಾಗಿಯೇ ಬಾಯಿಬಿಟ್ಟ. "ಹೊಸ ಮುಂಬೈ ಕಡೆ ಯಾರ್ದೋ ದೊಡ್ಡ ಫಾರ್ಮ್ ಮುಚ್ಚಿದ್ರಂತ. ಅಲ್ಲಿ ಎಲ್ಲಾ ಫರಸಿ ನೆಲ, ನೀರು, ಸ್ವಚ್ಛ. ಇಲ್ಲಿಗೆ ಬಂದ ಕೂಡ್ಲೆ ಉಣ್ಣಿ ಮುಕ್ಕರಿಸಿದ್ವು. ಬ್ಯಾರೆ ಕಟ್ಟೇವ್ರಿ."

"ಪೂಜೆ ಮಾಡಿದ್ದು ಎಲ್ಲಿ?"

"ಟೆಂಪೋದಾಗ ಡೊಂಬಿವಲಿಗೆ ಒಯ್ದಿದ್ರಂತ. ಸಾವ್ಕಾರ್ರ ಮನೀಗೆ. ನಾ ಇದ್ದಿದ್ದಿಲ್ರಿ, ತಂಗೀ ಮದಿವಿಗೆ ಊರಿಗೆ ಹೋಗಿದ್ನಿ. ನಿನ್ನೆ ಬಂದ ಮ್ಯಾಲೆ ಉಮಾ ಅಮ್ಮಾರು ಫೋನ್ ಹಚ್ಚಿ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ರು. ನನ್ನ ತಪ್ಪೇನೈತ್ರಿ ಇದ್ರಾಗ?"

ಪ್ರಫುಲ್ಲಾ ಹಸುವಿನ ಬಾಲದ ತುದಿಯನ್ನು ಬೆಳಕಿಗೆ ಹಿಡಿದಳು. ಅವಳಿಗೆ ದೇಜಣ್ಣನ ಕೈಗಳು ಕಣ್ಣಮುಂದೆ ಬಂದವು. ಹೋಟೆಲಿನ ಶಟರ್ ಎತ್ತುವ ಮೊದಲು ಬೀಗವನ್ನು ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಪೇಪರಿಗೆ ಕಾಲು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಅಂಥವರ ಮುಂದೆ ಅರಸಿನ ಕುಂಕುಮ ಹಚ್ಚಿದ ಗೋವನ್ನು ತಂದು ನಿಲ್ಲಿಸಿದರೆ ಅವರು ಮಾಡುವುದೇನು? ಬಾಲ ಹಿಡಿಯುತ್ತಾರೆ. ಕಣ್ಣಿಗೊತ್ತಿಕೊಳ್ಳುತ್ತಾರೆ. ನಮ್ಮ ಜನ ಸಾವಿರ ವರ್ಷದಿಂದ ಮಾಡಿಕೊಂಡು ಬಂದದ್ದು ಅದನ್ನೇ.

"ಈ ಬಾಲದಲ್ಲಿ ಏನೇನಿರಬಹುದು ಡಾಕ್ಟ್ರೇ?"

"ಏನಿಲ್ಲಾ ಕೇಳ್ರಿ. ಸಗಣಿ, ಬೂಷ್ಟು, ಕೊಳತ ಹುಲ್ಲು." ನಾಗವೇಣಿಯ ದನಿ ಇಳಿಯಿತು. "ಹೊಸದಾಗಿ ಕೊಯ್ದ ಕಣ್ಣಿಗೆ ಇದನ್ನ ಒತ್ತಿದ್ರೇನ್ರಿ? ಯವ್ವಾ!"

ಪ್ರಫುಲ್ಲಾ ಆಗಲೇ ರಿಕ್ಷಾದ ಕಡೆಗೆ ಓಡುತ್ತಿದ್ದಳು.

ಪತ್ರಿಪೂಲ್ ಸೇತುವೆಯ ಮೇಲೆ ಟ್ರಾಫಿಕ್ಕು ಜಾಮ್. ರಿಕ್ಷಾದವನು ಮೀಟರಿನ ಮೇಲೆ ಕೈಯಿಟ್ಟುಕೊಂಡು ಆಕಳಿಸುತ್ತಿದ್ದ. ಪ್ರಫುಲ್ಲಾ ಅವನಿಗೂ, ಮುಂದಿನ ಟ್ರಕ್ಕಿಗೂ, ಹಾಳು ಬಿಸಿಲಿಗೂ ಸೇರಿಸಿ ತುಳುವಿನಲ್ಲಿ ಶಾಪ ಹಾಕಿದಳು. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಕೆಮಿಕಲ್ ವಾಸನೆ ಮೂಗಿಗೆ ಬಡಿದಾಗ ಬಿಸಿಲು ಇಳಿಯಲು ಶುರುವಾಗಿತ್ತು. ಸಂಜೆಯೊಳಗೆ ಎಂದಿದ್ದರು ಡಾಕ್ಟರು. ಸಂಜೆ ಎದುರಿಗೇ ಬಂದು ನಿಂತಿತ್ತು.

ದೇಜಣ್ಣನ ಮನೆ ರೆಸಿಡೆನ್ಶಿಯಲ್ ಕಡೆಯ ಸಾಲುಮನೆಗಳಲ್ಲಿ ಕೊನೆಯದು, ಎದುರಿಗೆ ಪುಟ್ಟ ಅಂಗಳ. ಗೇಟು ತೆರೆದದ್ದು ವಿಕಾಸ್. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ, ತುಳು ಎರಡೂ ತಿಳಿಯುತ್ತಿತ್ತು. ಬಾಯಿ ಬಿಟ್ಟರೆ ಬರುವುದು ಹಿಂದಿ.

"ಅಂಗಳಕ್ಕೆ ದನ ತಂದದ್ದು ಯಾರು?"

"ಕೌನ್ ಸೀ ಗಾಯ್, ಆಂಟೀ?"

"ನನ್ನ ಹತ್ತಿರ ಗಾಯ್ ಗೀಯ್ ಆಟ ಆಡಬೇಡ. ಮೇವಿನ ಕೋಣೆಯಲ್ಲಿ ಬೀಗ ಹಾಕಿಟ್ಟ ದನವನ್ನು ನೋಡಿಯೇ ಬಂದಿದ್ದೇನೆ."

ಹುಡುಗ ಎಂಜಲು ನುಂಗಿದ. ಪ್ರಫುಲ್ಲಾ ಅವನನ್ನು ಗೋಡೆಯವರೆಗೆ ಹಿಂದಕ್ಕೆ ನಡೆಸಿದಳು, ಮೈಗೆ ಒಂದು ಬೆರಳೂ ತಾಗಿಸದೆ.

"ಮಾವನ ಕಣ್ಣು ಹೋದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಯಾರು? ಅಳಿಯ. ದನ ತಂದದ್ದು ಯಾರು? ಅಳಿಯ. ದನವನ್ನು ಬಚ್ಚಿಟ್ಟದ್ದು ಯಾರು? ಮತ್ತೆ ಅಳಿಯನೇ. ಇದನ್ನು ಪೊಲೀಸರ ಮುಂದೆ ಹೇಳಿದರೆ ಅವರು ಎಂತ ಬರೆದುಕೊಳ್ತಾರೆ ಗೊತ್ತುಂಟಾ ನಿನಗೆ?"

"ಆಂಟೀ, ಪ್ಲೀಸ್! ಮಾಮಾ ಕೇ ಲಿಯೇ ಮೈ ಜಾನ್ ದೂಂಗಾ!" ಮಾವನಿಗಾಗಿ ಪ್ರಾಣ ಕೊಡುತ್ತೇನೆ ಎನ್ನುವಾಗ ಅವನ ಕಣ್ಣು ತುಂಬಿ ಬಂತು. "ಮೈನೇ ಕುಛ್ ನಹೀ ಕಿಯಾ."

"ಅವನನ್ನು ಬಿಡು ಪ್ರಫುಲ್ಲಾ."

ಬಾಗಿಲಲ್ಲಿ ಉಮಾವತಿ ನಿಂತಿದ್ದರು. ಆಸ್ಪತ್ರೆಗೆ ಹೊರಟವರಂತೆ ಸೀರೆ ಉಟ್ಟು, ಕೈಯಲ್ಲಿ ಗಂಜಿಯ ಟಿಫಿನ್ ಹಿಡಿದಿದ್ದರು. ಒಂದೇ ವಾರದಲ್ಲಿ ಮುಖ ಮುದುಕಿಯದಾಗಿತ್ತು.

"ದನ ತರಿಸಿದ್ದು ನಾನು. ಅವನಿಗೆ ಬಾಯಿ ಮುಚ್ಚು ಅಂದದ್ದೂ ನಾನೇ."

"ಯಾಕೆ ಉಮಕ್ಕ? ನನ್ನೆದುರು ಪ್ರಮಾಣ ಮಾಡಿದಿರಲ್ಲ!"

"ಸುಳ್ಳು ಪ್ರಮಾಣ ಮಾಡಿದ ಬಾಯಿ ಇದು. ಹುಳ ಬೀಳಲಿ." ಉಮಾವತಿ ಮೆಟ್ಟಿಲ ಮೇಲೆ ಕುಸಿದು ಕೂತರು. "ಗೋಪೂಜೆ ಮಾಡಿಸಿದೆ. ಕಣ್ಣಿಗೆ ನೀರು ಕೂಡ ತಾಗಿಸಬಾರದು ಅಂದಿದ್ರಲ್ಲ, ಗೊತ್ತಿತ್ತು. ಆದರೆ ದೇವರ ಹತ್ತಿರ ಹೋಗುವಾಗ ಅದೆಲ್ಲ ಲೆಕ್ಕಕ್ಕೆ ಬರ್ತದಾ? ಪಟ್ಟಿ ಬಿಚ್ಚಿದ ದಿನ ಅಂಗಳದಲ್ಲಿ ದನ ಕಟ್ಟಿ ಆರತಿ ಎತ್ತಿದೆ. ಇವರನ್ನು ಕೈ ಹಿಡಿದು ಕರಕೊಂಡು ಬಂದೆ. ಕರಿ ಕನ್ನಡಕ ನಾನೇ ತೆಗೆದೆ. ಬಾಲ ಕೈಗೆ ಕೊಟ್ಟೆ."

"ಕಣ್ಣಿಗೊತ್ತಿಕೊಂಡರು."

"ಹೌದು. ಎರಡು ಕೈಯಲ್ಲಿ ಹಿಡಿದು, ಗಟ್ಟಿ ಒತ್ತಿಕೊಂಡರು. 'ತಾಯೀ, ಇದೊಂದು ಉಳಿಸು' ಅಂದರು." ಉಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನೇ ತೆಗೆದೆನಾ ಪ್ರಫುಲ್ಲಾ, ಅವರ ಕಣ್ಣು? ನನ್ನ ಕೈಯಿಂದಲೇ ಹೋಯ್ತಾ?"

ಪ್ರಫುಲ್ಲಾ ಫೋನು ಕೈಗೆತ್ತಿಕೊಂಡಳು. ಸಮಾಧಾನ ಆಮೇಲೆ ಮಾಡಬಹುದು, ಈಗ ಕಣ್ಣು ಮುಖ್ಯ. ಅವಳು ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಹಚ್ಚಿದಳು.

"ಹೇಳಿ ಅಕ್ಕಾ," ಎಂದರು ಡಾಕ್ಟರ್ ಕೀರ್ತನ್. ಮೊದಲ ರಿಂಗಿಗೇ ಎತ್ತಿದ್ದರು.

"ಸಿಕ್ಕಿತು ಡಾಕ್ಟ್ರೇ. ಗೋಪೂಜೆ ಮಾಡಿಸಿದ್ದಾರೆ ಮನೆಯಲ್ಲಿ. ದನದ ಬಾಲ ಕಣ್ಣಿಗೆ ಒತ್ತಿಕೊಂಡಿದ್ದಾರೆ. ಸೆಗಣಿ, ಬೂಷ್ಟು ಹುಲ್ಲು ಎಲ್ಲ ಇದ್ದ ಬಾಲ."

"ಅಯ್ಯೋ ದೇವರೇ! ಯಾವಾಗ?"

"ಪಟ್ಟಿ ಬಿಚ್ಚಿದ ದಿನವೇ."

ಆ ಕಡೆ ಕಾಗದ ಮಗುಚಿದ ಸದ್ದಾಯಿತು.

"ಹಾಗಾದರೆ ಸಂಶಯವೇ ಇಲ್ಲ ಅಕ್ಕಾ. ಫಂಗಸ್. ಈಗಲೇ ಆ ಮದ್ದು ಹಾಕ್ತೇನೆ, ಓ.ಟಿ. ರೆಡಿ ಉಂಟು. ನೀವು ಒಂದು ಉಪಕಾರ ಮಾಡಿ. ಈಗ ಹೇಳಿದ್ದನ್ನೇ ವಾಯ್ಸ್ ಮೆಸೇಜ್ ಮಾಡಿ ನನಗೆ ಕಳಿಸಿ. ಕೇಸ್ ಪೇಪರಿಗೆ ಬೇಕು. ಮನೆಯವರು ಒಪ್ಪಿಕೊಂಡಿದ್ದಾರೆ ಅಂತಲೂ ಸೇರಿಸಿ."

ಅವಳು ಕಳಿಸಿದಳು. ಪೊಲೀಸಿನವಳಲ್ಲವೇ, ಹೆಸರು, ಊರು, ಸಂಬಂಧ ಎಲ್ಲ ಹೇಳಿ, ಚೊಕ್ಕವಾಗಿ ರೆಕಾರ್ಡು ಮಾಡಿ ಕಳಿಸಿದಳು. ಡಾಕ್ಟರು ಕೇಳಿದ್ದೂ ಆಯಿತು. ಮೆಸೇಜಿನ ಪಕ್ಕ ಎರಡು ನೀಲಿ ಗೆರೆ ಬಂದವು.

ಅಬ್ಬ! ಪ್ರಫುಲ್ಲಾ ಬೆವರು ಒರೆಸಿಕೊಂಡು ಉಮಾವತಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ವಿಕಾಸ್ ಒಳಗೆ ಹೋಗಿ ನೀರು ತಂದುಕೊಟ್ಟ.

"ಗಟ್ಟಿಯಾಗಿರಿ ಉಮಕ್ಕ. ಸರಿಯಾದ ಮದ್ದು ಈಗ ಗೊತ್ತಾಯಿತಲ್ಲ. ದೇವರಿದ್ದಾನೆ."

"ಬೈಯುವುದಿಲ್ವಾ ನೀನು ನನ್ನನ್ನು?"

"ಬೈಯುವುದಕ್ಕೆ ಬೇಕಾದಷ್ಟು ಸಮಯ ಉಂಟು. ಮೊದಲು ದೇಜಣ್ಣ ಎದ್ದು ಬರಲಿ. ಅವರೇ ಬೈಯಲಿ."

ಉಮಾವತಿಯ ಮುಖದಲ್ಲಿ ಅಳುವಿನ ನಡುವೆಯೇ ಒಂದು ನಗು ಸುಳಿದು ಹೋಯಿತು. ಗಂಡನ ಬೈಗುಳ ಕೇಳಲು ಅಷ್ಟು ಆಸೆಯಿತ್ತು ಆ ಜೀವಕ್ಕೆ.

ವಿಕಾಸ್ ಮಾತ್ರ ನಿಂತಲ್ಲೇ ನಿಂತಿದ್ದ. ಏನೋ ಹೇಳಬೇಕು, ಹೇಳಲಿಕ್ಕೆ ಭಯ.

"ಏನು? ಹೇಳು."

"ಲೇಕಿನ್ ಆಂಟೀ... ಆಂಖ್ ತೋ ಪೆಹಲೇ ಸೇ ಖರಾಬ್ ಥೀ ನಾ?"

ನೀರಿನ ಲೋಟ ಪ್ರಫುಲ್ಲಾಳ ಬಾಯಿಯ ಹತ್ತಿರ ನಿಂತಿತು. "ಕಣ್ಣು ಮೊದಲೇ ಕೆಟ್ಟಿತ್ತಾ? ದನ ಬರುವುದಕ್ಕಿಂತ ಮೊದಲೇ?"

"ಹಾಂ. ಇಸೀಲಿಯೇ ತೋ ಪೂಜಾ ಕೀ."

"ಅದಕ್ಕೇ ಪೂಜೆ ಮಾಡಿದ್ದಾ? ಉಮಕ್ಕ!" ಅವಳು ತಿರುಗಿದಳು. "ಪಟ್ಟಿ ಬಿಚ್ಚಿದ ದಿನ ಅಂದಿರಲ್ಲ. ಯಾವ ಪಟ್ಟಿ?"

"ಯಾವುದು ಅಂದರೆ? ಎರಡನೇದು." ಉಮಾವತಿ ಗಲಿಬಿಲಿಯಾದರು. "ಕೀವು ಆದ ಮೇಲೆ ಕಣ್ಣಿಗೆ ಸೂಜಿ ಚುಚ್ಚಿ ಕಟ್ಟಿ ಕಳಿಸಿದ್ರಲ್ಲ, ಅದು. ಮೊದಲನೇ ಸಲ ಬಿಚ್ಚಿದಾಗ ಕಣ್ಣು ಚೆಂದ ಇತ್ತಲ್ಲ ಮಾರಾಯ್ತಿ, ಆಗ ದನ ಯಾಕೆ ತರಿಸ್ತೇನೆ ನಾನು?"

ಪ್ರಫುಲ್ಲಾಳ ತಲೆಯೊಳಗೆ ಧಡಾರನೆ ಏನೋ ಬಿದ್ದಂತಾಯಿತು.

ಎಂಥ ಕೆಲಸ ಮಾಡಿಬಿಟ್ಟೆ! ಒಂದು ಪಟ್ಟಿಯಲ್ಲ, ಎರಡು. ಎರಡು ಸಲ ಕಟ್ಟಿದ್ದು, ಎರಡು ಸಲ ಬಿಚ್ಚಿದ್ದು. ಯಾವತ್ತು ಎಂದು ಕೇಳಬೇಕಿತ್ತು. ಹೊಸದಾಗಿ ಸೇರಿದ ಕಾನ್‌ಸ್ಟೇಬಲ್ ಕೂಡ ಕೇಳುತ್ತಿದ್ದ. ಹಸುವಿನ ಹಣೆಯ ಕುಂಕುಮ ಇನ್ನೂ ಮಾಸದೆ ಕೆಂಪಗಿದ್ದದ್ದನ್ನು ಕಣ್ಣಾರೆ ನೋಡಿಯೂ ಅವಳಿಗೆ ಹೊಳೆಯಲಿಲ್ಲ. ಕೀವು ಮೊದಲು ಬಂತು, ದನ ಆಮೇಲೆ ಬಂತು. ಕಣ್ಣು ಕೆಟ್ಟದ್ದು ಬಾಲದಿಂದ ಅಲ್ಲವೇ ಅಲ್ಲ. ಅಂದರೆ ಫಂಗಸ್ ಎಂದು ಹೇಳಲು ಯಾವ ಆಧಾರವೂ ಇಲ್ಲ. ಅಂದರೆ ಒಳಪರದೆಯನ್ನು ಸುಡುವ ಆ ಮದ್ದು...

ಅವಳು ಫೋನು ಒತ್ತಿದಳು. ಡಾಕ್ಟರ್ ಕೀರ್ತನ್ ಅವರ ನಂಬರ್ ಸ್ವಿಚ್ಡ್ ಆಫ್.

ಮತ್ತೆ ಒತ್ತಿದಳು. ಸ್ವಿಚ್ಡ್ ಆಫ್.

"ಏನಾಯ್ತು ಪ್ರಫುಲ್ಲಾ? ಯಾಕೆ ಹಾಗೆ ನೋಡ್ತೀ? ನನಗೆ ಹೆದರಿಕೆ ಆಗ್ತದೆ."

"ಉಮಕ್ಕ, ನಿಮಗೆ ಹರಕೆ ಇತ್ತಾ? ಗೋಪೂಜೆ ಮಾಡಿಸಬೇಕು ಅಂತ ನಿಮಗೇ ಹೊಳೆದದ್ದಾ?"

ಉಮಾವತಿ ವಿಕಾಸ್‌ನ ಮುಖ ನೋಡಿದರು. ವಿಕಾಸ್ ತಲೆ ತಗ್ಗಿಸಿದ.

"ಹೇಳಿ! ಯಾರು ಹೇಳಿದ್ದು?"

"ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ..."

"ನಿಮ್ಮ ಗಂಡನ ಕಣ್ಣಿನ ಮೇಲೆ ಕೇಳ್ತಿದ್ದೇನೆ ಉಮಕ್ಕ!"

"ಡಾಕ್ಟ್ರೇ," ಎಂದರು ಉಮಾವತಿ. ದನಿ ಇನ್ನಿಲ್ಲದಷ್ಟು ಸಣ್ಣದಾಗಿತ್ತು. "ಎರಡನೇ ಪಟ್ಟಿ ಬಿಚ್ಚಿದ ಮೇಲೆ ನನ್ನನ್ನು ಒಬ್ಬಳನ್ನೇ ಕ್ಯಾಬಿನಿಗೆ ಕರೆದರು. 'ಅಮ್ಮಾ, ನನ್ನ ಕೈಯಲ್ಲಿ ಇರುವುದನ್ನೆಲ್ಲ ಮಾಡಿದೆ, ಇನ್ನು ಅವನ ಕೈಯಲ್ಲಿ ಉಂಟು' ಅಂದರು. 'ನಿಮ್ಮಲ್ಲೇ ದನ ಉಂಟಲ್ಲ, ಮನೆಗೆ ತರಿಸಿ ಪೂಜೆ ಮಾಡಿಸಿ, ಅವರ ಕೈಯಿಂದಲೇ ಮಾಡಿಸಿ' ಅಂದರು. ಎಷ್ಟು ಒಳ್ಳೆಯ ಮನುಷ್ಯ, ಇಷ್ಟು ಕಲಿತೂ ದೇವರನ್ನು ಬಿಟ್ಟಿಲ್ಲ ಅಂತ ನನಗೆ ಕಣ್ಣೀರೇ ಬಂತು. 'ಡಾಕ್ಟರಾಗಿ ನಾನು ಇದನ್ನು ಹೇಳಿದೆ ಅಂತ ಯಾರಿಗೂ ಹೇಳಬೇಡಿ, ನಗ್ತಾರೆ' ಅಂದರು. ಅದಕ್ಕೇ ಪ್ರಮಾಣ ಮಾಡಿದ್ದು ನಾನು. ಇಲ್ಲದಿದ್ದರೆ ಮಾಡ್ತಿದ್ದೆನಾ?"

ಅಂಗಳದಲ್ಲಿ ಗಾಳಿಯೇ ಇರಲಿಲ್ಲ. ಕಾರ್ಖಾನೆಯ ಘಾಟು ಗಂಟಲಲ್ಲಿ ಕೂತಿತ್ತು.

ಪೂಜೆ ಮಾಡಿಸಲು ಹೇಳಿದವನು ಅವನು. ಬಾಲವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ ಎಂದು ಗೊತ್ತಿದ್ದವನು ಅವನು, ಅವನೂ ನಮ್ಮ ಊರಿನವನೇ ತಾನೇ. ಆಮೇಲೆ 'ಹೊರಗಿನಿಂದ ಏನು ಹೋಯಿತು ಪತ್ತೆ ಮಾಡಿ' ಎಂದು ಅವಳನ್ನೇ ಕರೆಸಿದ. ಅವಳು ನಾಯಿಯ ಹಾಗೆ ವಾಸನೆ ಹಿಡಿದು ಓಡಿದಳು, ಅವನು ಇಟ್ಟ ಜಾಗಕ್ಕೇ ಹೋಗಿ ನಿಂತಳು. ಈಗ ಫೋನಿನಲ್ಲಿ ಯಾವಾಗ ಎಂದು ಕೇಳಿದ್ದನಲ್ಲ! ಯಾವಾಗ ಎಂದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು?

ದೇಜಣ್ಣನ ಆಪರೇಷನ್ ದಿನ ಅದೇ ಟೇಬಲ್ಲಿನ ಮೇಲೆ ಪೊರೆ ತೆಗೆಸಿಕೊಂಡ ಬೇರೆಯವರು ಹೇಗಿದ್ದಾರೆ ಎಂದು ಅವಳು ಮೊದಲ ದಿನವೇ ಕೇಳಿದ್ದಳು. 'ಎಲ್ಲ ಚೆನ್ನಾಗಿದ್ದಾರೆ ಅಕ್ಕಾ, ದೇಜಣ್ಣನಿಗೆ ಮಾತ್ರ ಹೀಗಾಯ್ತು' ಎಂದಿದ್ದ. ಅವಳು ನಂಬಿದಳು. ಒಬ್ಬರ ಮನೆಗೂ ಹೋಗಿ ನೋಡಲಿಲ್ಲ. ಕೀವು ಅವನ ಟೇಬಲ್ಲಿನಿಂದಲೇ ಬಂದದ್ದಾದರೆ, ಆ ತಪ್ಪನ್ನು ದನದ ಬಾಲಕ್ಕೆ ಕಟ್ಟಲು ಅವಳಿಗಿಂತ ಒಳ್ಳೆಯ ಸಾಕ್ಷಿ ಅವನಿಗೆ ಇನ್ನೆಲ್ಲಿ ಸಿಗಬೇಕು? ಛೀ! ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ವಿಕಾಸ್, ಬೈಕ್ ತೆಗೆ!" ಎಂದು ಕೂಗುತ್ತಲೇ ಅವಳು ಸಿಸ್ಟರ್ ನಿಶ್ಮಿತಾಳ ನಂಬರ್ ಒತ್ತಿದಳು. ಬಾಯಲ್ಲಿ ದೇವರ ಹೆಸರೊಂದೇ ಇತ್ತು. ಎತ್ತು ಮಗಾ. ಎತ್ತು.

"ಹಲೋ, ಪ್ರಫುಲ್ಲಕ್ಕ?"

"ಎಲ್ಲಿದ್ದೀ ನೀನು? ಓ.ಟಿ.ಯೊಳಗೆ ಇದ್ದೀಯಾ?"

"ಇಲ್ಲಕ್ಕ, ಹೊರಗೆ. ಟ್ರೇ ರೆಡಿ ಮಾಡಿ ಕೊಟ್ಟೆ. ಆಮೇಲೆ ಡಾಕ್ಟ್ರು ಎಲ್ಲರನ್ನೂ ಹೊರಗೆ ಕಳಿಸಿ ಚಿಲಕ ಹಾಕಿಕೊಂಡರು. ಯಾವತ್ತೂ ಹೀಗೆ ಮಾಡುವವರಲ್ಲ."

"ಬಾಗಿಲು ಬಡಿ."

"ಎಂತ?"

"ಬಾಗಿಲು ಬಡಿ ನಿಶ್ಮಿತಾ! ಸೂಜಿ ಹಾಕಬೇಡಿ ಅಂತ ಕೂಗು! ದನದ ಕತೆ ಸುಳ್ಳು ಅಂತ ಹೇಳು!"

"ಡಾಕ್ಟ್ರು ಬೈತಾರಕ್ಕಾ..."

"ಬೈದರೆ ನಾನು ನೋಡಿಕೊಳ್ತೇನೆ. ಬಡಿ ಮಾರಾಯ್ತಿ, ನಿನ್ನ ದಮ್ಮಯ್ಯ!"

ಫೋನಿನಲ್ಲಿ ಧಬಧಬ ಸದ್ದು ಕೇಳಿಸಿತು. ನಿಶ್ಮಿತಾ "ಡಾಕ್ಟ್ರೇ, ಡಾಕ್ಟ್ರೇ" ಎಂದು ಕೂಗುತ್ತಿದ್ದಳು. ಮತ್ತೆ ಧಬಧಬ. ಇಲ್ಲಿ ಉಮಾವತಿ ಪ್ರಫುಲ್ಲಾಳ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ವಿಕಾಸ್ ಬೈಕಿನ ಮೇಲೆ ಕೂತು, ಸ್ಟಾರ್ಟ್ ಮಾಡುವುದನ್ನೂ ಮರೆತು ಇವರನ್ನೇ ನೋಡುತ್ತಿದ್ದ.

ಚಿಲಕ ತೆಗೆದ ಸದ್ದಾಯಿತು.

"ಯಾರದು ಫೋನು? ಪ್ರಫುಲ್ಲಕ್ಕನದಾ? ಕೊಡು ಇಲ್ಲಿ."

ಫೋನು ಕೈ ಬದಲಾಯಿತು. ಅವನ ದನಿಯಲ್ಲಿ ಸ್ವಲ್ಪವೂ ಅವಸರವಿರಲಿಲ್ಲ. ಬೆಳಿಗ್ಗೆ ಮಾತಾಡಿದಷ್ಟೇ ಮೆತ್ತಗೆ, ಅಷ್ಟೇ ಮರ್ಯಾದೆಯಿಂದ ಮಾತಾಡಿದ.

"ಆಯ್ತಕ್ಕಾ. ನೀವು ಹೇಳಿದ್ದನ್ನೇ ಹಾಕಿದ್ದೇನೆ. ಕಣ್ಣು ಉಳಿದರೂ, ಹೋದರೂ ನಿಮ್ಮ ಮಾತಿನ ಮೇಲೆಯೇ. ವಾಯ್ಸ್ ಮೆಸೇಜ್ ಉಂಟಲ್ಲ ನನ್ನ ಹತ್ತಿರ."